ಒಪ್ಪಿಗೆ ಕೇಳದೆ ಪ್ರಾಂಕ್ ಕಾಲ್ ಪ್ರಸಾರ ಬೇಡ: ಉಡುಪಿ-ಚಿಕ್ಕಮಗಳೂರು ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರಿಗೆ ನಮಸ್ಕಾರ.

ಬೇರೆ ಯಾರೋ ಎಂದು ನಂಬಿಸಿ ತಮಾಷೆಗೆ ಮಾಡುವ ರೇಡಿಯೊದ ಪ್ರಾಂಕ್ ಕಾಲ್‌ಗೂ ಸಂಸದರಿಗೂ ಏನು ಸಂಬಂಧ ಎಂದು ನಿಮ್ಮ ಕಚೇರಿಯಲ್ಲಿ ಯಾರಾದರೂ ಕೇಳಬಹುದು. ಸಂಬಂಧ ಇದೆ. ಖಾಸಗಿ ಎಫ್‌ಎಂ ಕೇಂದ್ರಗಳಿಗೆ ಅನುಮತಿ ಕೊಡುವುದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ. ಆ ಅನುಮತಿಯ ಷರತ್ತುಗಳ ಬಗ್ಗೆ ಲೋಕಸಭೆಯಲ್ಲಿ ಪ್ರಶ್ನೆ ಎತ್ತುವ ಅಧಿಕಾರ ನಿಮಗಿದೆ. ಅದಕ್ಕಿಂತ ಹತ್ತಿರದ ಕಾರಣ ಶಿರ್ವ. ಇಂಥದ್ದೇ ಒಂದು ಕರೆ ಸ್ವೀಕರಿಸಿದ ಹೆಣ್ಣುಮಗಳನ್ನು ಮಣ್ಣು ಮಾಡಿದ್ದು ನಿಮ್ಮ ಕ್ಷೇತ್ರದ ಆ ಊರಿನಲ್ಲಿ.

2012ರ ಡಿಸೆಂಬರ್ 4ರ ನಸುಕು, ಲಂಡನ್. ಕಿಂಗ್ ಎಡ್ವರ್ಡ್ VII ಆಸ್ಪತ್ರೆಯಲ್ಲಿ ಬ್ರಿಟನ್ನಿನ ರಾಜಕುಮಾರ ವಿಲಿಯಂ ಅವರ ಪತ್ನಿ, ಗರ್ಭಿಣಿ ಕೇಟ್ ಮಿಡಲ್ಟನ್ ದಾಖಲಾಗಿದ್ದರು. ಅಷ್ಟು ಹೊತ್ತಿಗೆ ಫೋನ್ ತೆಗೆಯಲು ರಿಸೆಪ್ಷನಿಸ್ಟ್ ಇರಲಿಲ್ಲ. ಹಾಗಾಗಿ ಕರೆ ಎತ್ತಿದವರು ರಾತ್ರಿ ಪಾಳಿಯ ಒಬ್ಬ ನರ್ಸ್. ಮಂಗಳೂರು ಕಡೆಯಿಂದ ಹೋದವರು, ಎರಡು ಮಕ್ಕಳ ತಾಯಿ. ಆ ಕಡೆಯಿಂದ ಮಾತಾಡಿದ್ದು ಸಿಡ್ನಿಯ 2ಡೇ ಎಫ್‌ಎಂನ ಇಬ್ಬರು ನಿರೂಪಕರು. ತಾವು ರಾಣಿ ಮತ್ತು ರಾಜಕುಮಾರ ಚಾರ್ಲ್ಸ್ ಎಂದರು. ಈ ನರ್ಸ್ ನಂಬಿ ಕರೆಯನ್ನು ವಾರ್ಡಿಗೆ ದಾಟಿಸಿದರು. ಅಷ್ಟೇ ಅವರು ಮಾಡಿದ್ದು. ರೋಗಿಯ ಸ್ಥಿತಿ ಹೇಳಿದ್ದು ಇನ್ನೊಬ್ಬ ನರ್ಸ್. ರೆಕಾರ್ಡಿಂಗ್ ಸಿಡ್ನಿಯಲ್ಲಿ ಪ್ರಸಾರವಾಯಿತು, ಆಮೇಲೆ ಇಡೀ ಜಗತ್ತು ಕೇಳಿತು. ಮೂರು ದಿನದ ನಂತರ, ಡಿಸೆಂಬರ್ 7ರಂದು, ಕರೆ ಎತ್ತಿದವರು ತೀರಿಕೊಂಡರು. ಅದು ಆತ್ಮಹತ್ಯೆ ಎಂದು ಲಂಡನ್ನಿನ ವಿಚಾರಣೆ 2014ರಲ್ಲಿ ತೀರ್ಮಾನಿಸಿತು. ಡಿಸೆಂಬರ್ 17ರಂದು ಶಿರ್ವದಲ್ಲಿ ಅಂತ್ಯಸಂಸ್ಕಾರ ನಡೆಯಿತು. ಅವರ ಹೆಸರು ಬಹಳ ಜನರಿಗೆ ಗೊತ್ತು. ಆದರೆ ಅವರು ಬಯಸದೆ ಬಂದ ಪ್ರಚಾರ ಅದು. ನಾನು ಅದಕ್ಕೆ ಇನ್ನೊಂದು ಸಾಲು ಸೇರಿಸುವುದಿಲ್ಲ.

ಒಂದು ಜೀವ ಹೋಗುವುದಕ್ಕೆ ಒಂದೇ ಕಾರಣ ಇರುವುದಿಲ್ಲ. ಆ ಕರೆಯೇ ಅವರನ್ನು ಕೊಂದಿತು ಎಂದು ಬರೆಯಲು ನಾನು ತಯಾರಿಲ್ಲ. ನನ್ನ ಪ್ರಶ್ನೆ ಬೇರೆ. ಆ ಧ್ವನಿಯನ್ನು ಪ್ರಸಾರ ಮಾಡಲು ಯಾರ ಒಪ್ಪಿಗೆ ಇತ್ತು? ಪ್ರಸಾರಕ್ಕೆ ಮುಂಚೆ ಆಸ್ಪತ್ರೆಯನ್ನು ಸಂಪರ್ಕಿಸಲು ಐದು ಸಲ ಯತ್ನಿಸಿದ್ದೆವು ಎಂದು ರೇಡಿಯೊ ಕಂಪನಿಯ ಮುಖ್ಯಸ್ಥರು ಆಮೇಲೆ ಹೇಳಿದರು. ಅಂದರೆ ಒಪ್ಪಿಗೆ ಬೇಕು ಅಂತ ಅವರಿಗೂ ಗೊತ್ತಿತ್ತು. ಸಿಗಲಿಲ್ಲ. ಆದರೂ ಹಾಕಿದರು.

ಮುಂದೆ ಕಾನೂನು ಹೇಗೆ ನಡೆಯಿತು ಎನ್ನುವುದನ್ನು ನೀವು ಗಮನಿಸಬೇಕು. ನಮಗೆ ದಾರಿ ಸಿಗುವುದು ಅಲ್ಲೇ. ನಿರೂಪಕರ ಮೇಲೆ ಮೊಕದ್ದಮೆ ಹೂಡುವುದಿಲ್ಲ ಎಂದು ಬ್ರಿಟನ್ 2013ರ ಫೆಬ್ರವರಿಯಲ್ಲೇ ಹೇಳಿತು. ಆದರೆ ಆಸ್ಟ್ರೇಲಿಯಾದ ಪ್ರಸಾರ ಪ್ರಾಧಿಕಾರ ಬಿಡಲಿಲ್ಲ. ಖಾಸಗಿ ಮಾತನ್ನು ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡಿ ಹಂಚುವುದು ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಅಪರಾಧ. ಅಪರಾಧಕ್ಕೆ ರೇಡಿಯೊ ಬಳಸಬಾರದು ಎನ್ನುವುದು ಪರವಾನಗಿಯ ಷರತ್ತು. ಆ ಷರತ್ತು ಮುರಿದಿದ್ದೀರಿ ಎಂದು ಪ್ರಾಧಿಕಾರ ಹೇಳಿತು. ಕ್ರಿಮಿನಲ್ ಕೋರ್ಟು ಶಿಕ್ಷೆ ಕೊಡದೆ ನೀವು ಹಾಗೆ ಹೇಳುವಂತಿಲ್ಲ ಎಂದು ಕಂಪನಿ ವಾದಿಸಿತು. ಅಲ್ಲಿನ ಅತ್ಯುನ್ನತ ನ್ಯಾಯಾಲಯ 2015ರ ಮಾರ್ಚ್‌ನಲ್ಲಿ ಪ್ರಾಧಿಕಾರದ ಪರ ನಿಂತಿತು. ಷರತ್ತು ಮುರಿದಿದ್ದಾರೋ ಇಲ್ಲವೋ ಎಂದು ಪ್ರಾಧಿಕಾರವೇ ತೀರ್ಮಾನಿಸಬಹುದು ಎಂದಿತು. ಹಾಗಾಗಿ ನೊಂದವರು ಕೋರ್ಟು ಅಲೆಯುವ ತನಕ ಪ್ರಾಧಿಕಾರ ಸುಮ್ನೆ ಕೂರಬೇಕಿಲ್ಲ.

ಅಮೆರಿಕದ ನಿಯಮ ಇನ್ನೂ ಬಿಗಿ. ರೇಡಿಯೊ ಕೇಂದ್ರ ಯಾರ ಫೋನ್ ಮಾತನ್ನಾದರೂ ಪ್ರಸಾರ ಮಾಡುವುದಿದ್ದರೆ, ರೆಕಾರ್ಡ್ ಮಾಡುವ ಮುಂಚೆಯೇ ಅವರಿಗೆ ಹೇಳಬೇಕು. ಬ್ರಿಟನ್ನಿನ ಸಂಹಿತೆ ತಮಾಷೆ ಕರೆಗೆ ಜಾಗ ಕೊಡುತ್ತದೆ. ಆದರೆ ಕರೆಯಲ್ಲಿರುವವರ ಗುರುತು ಸಿಗುವಂತಿದ್ದರೆ ಒಪ್ಪಿಗೆ ಇಲ್ಲದೆ ಪ್ರಸಾರ ಮಾಡುವಂತಿಲ್ಲ. 2008ರಲ್ಲಿ ಬಿಬಿಸಿಯ ಇಬ್ಬರು ಹೆಸರಾಂತ ನಿರೂಪಕರು ಹಿರಿಯ ನಟ ಆಂಡ್ರ್ಯೂ ಸ್ಯಾಕ್ಸ್ ಅವರ ಫೋನಿನಲ್ಲಿ ಅಸಹ್ಯದ ಸಂದೇಶ ಬಿಟ್ಟು ಅದನ್ನು ಪ್ರಸಾರ ಮಾಡಿದ ಪ್ರಕರಣದಲ್ಲಿ ಬಿಬಿಸಿಗೆ 1,50,000 ಪೌಂಡ್ ದಂಡ ಬಿತ್ತು.

ಇನ್ನು ನಮ್ಮಲ್ಲಿ? ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ 2001ರಲ್ಲಿ ಶುರುವಾಗಿದ್ದು ಬೆಂಗಳೂರಿನಲ್ಲಿ. ಜನರನ್ನು ಬಕ್ರಾ ಮಾಡುವ ಕಾರ್ಯಕ್ರಮ ಈಗ ಎಷ್ಟೋ ಭಾಷೆಗಳಲ್ಲಿ ಬರುತ್ತದೆ. ಖಾಸಗಿ ಕೇಂದ್ರಗಳು ಆಕಾಶವಾಣಿಯ ಕಾರ್ಯಕ್ರಮ ಸಂಹಿತೆಯನ್ನು ಪಾಲಿಸಬೇಕು ಎಂಬುದು ಅನುಮತಿಯ ಷರತ್ತು. ಆ ಸಂಹಿತೆ ಅಶ್ಲೀಲ, ಮಾನಹಾನಿ, ಧರ್ಮನಿಂದೆ ಬೇಡ ಎನ್ನುತ್ತದೆ. ಒಬ್ಬರ ಫೋನ್ ಮಾತನ್ನು ಹಾಕುವ ಮುಂಚೆ ಅವರನ್ನು ಕೇಳಿ ಎಂದು ನೇರವಾಗಿ ಹೇಳುವುದಿಲ್ಲ.

ಹಾಗಂತ ಕಾನೂನಿನ ತಳಹದಿ ಇಲ್ಲ ಎಂದಲ್ಲ. ವ್ಯಕ್ತಿಯ ಖಾಸಗಿ ವಿಷಯಗಳನ್ನು ಅವರ ಒಪ್ಪಿಗೆ ಇಲ್ಲದೆ ಪ್ರಕಟಿಸಬಾರದು ಎಂದು ಸುಪ್ರೀಂ ಕೋರ್ಟ್ 1994ರಲ್ಲೇ ಆಟೋ ಶಂಕರ್ ಎಂಬ ಕೈದಿಯ ಆತ್ಮಕಥೆಯ ಪ್ರಕರಣದಲ್ಲಿ ಹೇಳಿದೆ. ಫೋನಿನಲ್ಲಿ ಆಡುವ ಮಾತು ಖಾಸಗಿತನದ ಭಾಗ ಎಂದು 1996ರಲ್ಲಿ ಹೇಳಿದೆ. 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕು ಎಂದಿತು. ಆ ಅರ್ಜಿ ಹಾಕಿದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಆಗಿದ್ದರು. 2023ರ ಡೇಟಾ ರಕ್ಷಣೆ ಕಾಯ್ದೆಯ ಪ್ರಕಾರ ಒಪ್ಪಿಗೆ ಎಂದರೆ ಒತ್ತಡ ಇಲ್ಲದೆ, ವಿಷಯ ಗೊತ್ತಿದ್ದು, ಸ್ಪಷ್ಟವಾಗಿ ಕೊಟ್ಟದ್ದು. ಇದೆಲ್ಲ ಇದ್ದರೂ ಬಕ್ರಾ ಆದ ಒಬ್ಬ ಸಾಮಾನ್ಯ ಮನುಷ್ಯ ಇವನ್ನು ಹಿಡಿದು ಎಲ್ಲಿಗೆ ಹೋಗಬೇಕು? ವಕೀಲರ ಫೀಸು ಯಾರು ಕೊಡುತ್ತಾರೆ?

ಆಟೋದಲ್ಲಿ ಹೋಗುವಾಗ ಕೇಳಿದ ಒಂದು ಕರೆ ಇನ್ನೂ ತಲೆಯಲ್ಲಿದೆ. ಒಬ್ಬ ಮಹಿಳೆ, ಟೈಲರಿಂಗ್ ಅಂಗಡಿ ಇಟ್ಟುಕೊಂಡವರು. ಹಿಂದೆ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ಆರ್‌ಜೆ, ಅಂದರೆ ರೇಡಿಯೊ ನಿರೂಪಕ, ಬ್ಯಾಂಕಿನವನ ದನಿಯಲ್ಲಿ, "ನೀವು ಜಾಮೀನು ಹಾಕಿದ ಸಾಲ ಕಟ್ಟಿಲ್ಲ, ನಾಳೆ ಮನೆಗೆ ಬರ್ತೀವಿ" ಎಂದ. ಯಂತ್ರ ನಿಂತಿತು. "ಸಾರ್, ಮನೆಗೆ ಬರ್ಬೇಡಿ. ನಮ್ಮ ಯಜಮಾನ್ರಿಗೆ ನಾನು ಸಹಿ ಹಾಕಿದ್ದು ಗೊತ್ತಿಲ್ಲ ಸಾರ್" ಎಂದರು ಆಕೆ. ಆರ್‌ಜೆ ಇನ್ನೂ ಸ್ವಲ್ಪ ಹೆದರಿಸಿದ. ಕೊನೆಗೆ ಇದು ರೇಡಿಯೊ, ನಿಮ್ಮ ನಾದಿನಿಯೇ ನಂಬರ್ ಕೊಟ್ಟಿದ್ದು ಎಂದ. ಆಕೆ ನಕ್ಕರು. ಆಟೋ ಡ್ರೈವರ್ ನಗಲಿಲ್ಲ. "ಮನೇಲಿ ಇವತ್ತು ಏನಾಗುತ್ತೋ" ಎಂದು ರೇಡಿಯೊ ಸಣ್ಣ ಮಾಡಿದರು.

ಆಕೆ ನಕ್ಕಿದ್ದು ಬ್ಯಾಂಕಿನವರು ಬರುವುದಿಲ್ಲ ಎಂಬ ಸಮಾಧಾನಕ್ಕೆ. ಆ ನಗುವನ್ನೇ ಒಪ್ಪಿಗೆ ಎಂದು ತಿಳಿಯುವುದು ಅನ್ಯಾಯ. ಆಮೇಲೆ ಫೋನ್ ಮಾಡಿ ಕೇಳಿದರೋ, ಕೇಳಿದಾಗ ಬೇಡ ಎನ್ನುವ ಧೈರ್ಯ ಆಕೆಗೆ ಇತ್ತೋ, ನಮಗೆ ತಿಳಿಯುವ ದಾರಿಯೇ ಇಲ್ಲ. ನಾದಿನಿ ನಂಬರ್ ಕೊಡಬಹುದು, ಅತ್ತಿಗೆಯ ಒಪ್ಪಿಗೆ ಕೊಡಲು ಅವರು ಯಾರು?

ಇಂಥ ಕರೆ ಯಾರಿಗೆ ಹೋಗುತ್ತದೆ ನೋಡಿ. ಫೋನ್ ಎತ್ತುವುದೇ ಕೆಲಸ ಆದವರಿಗೆ ಜಾಸ್ತಿ. ಅಂಗಡಿಯವರು, ಕ್ಯಾಬ್ ಡ್ರೈವರ್‌ಗಳು, ಡೆಲಿವರಿ ಹುಡುಗರು, ರಿಸೆಪ್ಷನ್‌ನಲ್ಲಿ ಕೂರುವವರು. ಇವರು ಕರೆ ಕತ್ತರಿಸುವಂತಿಲ್ಲ, ದನಿ ಏರಿಸುವಂತಿಲ್ಲ. ಬೈದರೆ ಅದೂ ಪ್ರಸಾರ ಆಗುತ್ತದೆ. ಎಷ್ಟೋ ಸಲ ನಗು ಹುಟ್ಟುವುದು ಅವರ ಊರಿನ ಕನ್ನಡದಿಂದ. ಕಲಬುರಗಿಯ ಮಾತೋ ಕುಂದಾಪುರದ ಮಾತೋ ಅಲ್ಲಿ ಹಾಸ್ಯದ ಸರಕಾಗುತ್ತದೆ. ಹೆಸರು ಮುಚ್ಚಿದರೂ ಬೀದಿಯವರಿಗೆ ಆ ದನಿ ಯಾರದ್ದು ಅಂತ ತಿಳಿಯುತ್ತದೆ ಅಲ್ವಾ? ಮೇಲೆ ಯೂಟ್ಯೂಬಿನಲ್ಲಿ ಆ ತುಣುಕು ವರ್ಷಗಟ್ಟಲೆ ಉಳಿಯುತ್ತದೆ.

ಬ್ಯಾಂಕಿನವರು, ಪೊಲೀಸರು, ಸಿಬಿಐ ಎಂದು ಫೋನ್ ಮಾಡಿ ವಯಸ್ಸಾದವರ ಉಳಿತಾಯ ದೋಚುವ ಕಾಲ ಇದು. ಮೋಸ ಹೋದರೆ 1930ಕ್ಕೆ ಕರೆ ಮಾಡಿ ಎಂದು ಸರ್ಕಾರವೇ ಎಚ್ಚರಿಸುತ್ತಿದೆ. ಅದೇ ಭಯವನ್ನು ಹಾಸ್ಯಕ್ಕೆ ಬಳಸಲು ಅದೇ ಸರ್ಕಾರದ ಅನುಮತಿ ಪಡೆದ ಕೇಂದ್ರಗಳಿಗೆ ಯಾಕೆ ಬಿಡಬೇಕು?

ಲಂಚ ಕೇಳುವ ಅಧಿಕಾರಿಯ ಮಾತನ್ನು ಪತ್ರಕರ್ತರು ರೆಕಾರ್ಡ್ ಮಾಡುವುದು ಬೇರೆ. ಅಲ್ಲಿ ಸಾರ್ವಜನಿಕ ಹಿತ ಇದೆ, ಅದನ್ನು ನಾನು ವಿರೋಧಿಸುವುದಿಲ್ಲ. ಪ್ರಾಂಕ್ ಕಾಲ್ ಪೂರ್ತಿ ನಿಷೇಧಿಸಿ ಎಂದೂ ಕೇಳುತ್ತಿಲ್ಲ. ಗೆಳೆಯರ ಕಾಲೆಳೆಯುವುದು ನಮ್ಮವರಿಗೆ ಇಷ್ಟ. ನನಗೂ ಇಷ್ಟ.

ಮುಂದಿನ ಅಧಿವೇಶನದಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಿಗೆ ಚುಕ್ಕೆ ಗುರುತಿನ ಪ್ರಶ್ನೆಯಾಗಿ, ಅಂದರೆ ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರ ಕೊಡಬೇಕಾದ ಪ್ರಶ್ನೆಯಾಗಿ, ಇದನ್ನು ಕೇಳಿ: ಕರೆ ಮುಗಿದ ಮೇಲೆ, ಪ್ರಸಾರಕ್ಕೆ ಮುಂಚೆ, ಬೇಡ ಎನ್ನಲು ಸಮಯ ಕೊಟ್ಟು ಒಪ್ಪಿಗೆ ಪಡೆಯಬೇಕು ಎಂಬ ಷರತ್ತನ್ನು ಎಫ್‌ಎಂ ಅನುಮತಿಯಲ್ಲಿ ಸೇರಿಸುತ್ತೀರಾ? ಆ ಒಪ್ಪಿಗೆಯ ದಾಖಲೆಯನ್ನು ಕೇಂದ್ರಗಳು ಇಟ್ಟುಕೊಳ್ಳಬೇಕು. ಆಸ್ಪತ್ರೆಗೆ, ತುರ್ತು ಸೇವೆಗೆ, ಮಕ್ಕಳಿಗೆ ಇಂಥ ಕರೆ ಮಾಡಲೇಬಾರದು. ಒಪ್ಪಿದವರು ಆಮೇಲೆ ಮನಸ್ಸು ಬದಲಿಸಿದರೆ ಕೇಂದ್ರ ತನ್ನ ಯೂಟ್ಯೂಬ್ ಚಾನೆಲ್‌ನಿಂದಲೂ ತುಣುಕು ತೆಗೆಯಬೇಕು. ಷರತ್ತು ಮುರಿದರೆ ಸಚಿವಾಲಯವೇ ಕ್ರಮ ಕೈಗೊಳ್ಳಬೇಕು, ಟೈಲರಿಂಗ್ ಅಂಗಡಿಯ ಆಕೆ ಕೋರ್ಟಿಗೆ ಹೋಗುವಂತಾಗಬಾರದು.

ಸಚಿವರು ಕೊಡುವ ಉತ್ತರವನ್ನು ದಯವಿಟ್ಟು ಕನ್ನಡದಲ್ಲೂ ಪ್ರಕಟಿಸಿ.

ಇಂತಿ,
ಒಬ್ಬ ರೇಡಿಯೊ ಕೇಳುಗ