ವೀರ್ಯದ ಕಡ್ಡಿಯನ್ನು ತಿಪ್ಪೆಗೆ ಎಸೆಯಬೇಡಿ

ಮಾನ್ಯರೇ,

ಬೆಳಿಗ್ಗೆ ಹಾಲು ಹಾಕಲು ಡೇರಿಗೆ ಹೋದರೆ ನಮ್ಮೂರ ಹುಡುಗರು ಒಂದು ವಾರದಿಂದ ಒಂದೇ ವಿಡಿಯೊ ನೋಡುತ್ತಾ ನಿಂತಿರುತ್ತಾರೆ. ಬಿಳಿ ಬೂದು ಬಣ್ಣದ ಹೋರಿ. ತೊಡೆ, ಭುಜಗಳೆಲ್ಲ ಉಬ್ಬಿ ಚರ್ಮವೇ ಸಾಲದಂತೆ ಬಿಗಿದಿದೆ. ‘ಇಂಜೆಕ್ಷನ್ ಕೊಟ್ಟು ಬೆಳೆಸಿದ್ದಾರೆ’ ಎಂದು ಒಬ್ಬ, ‘ಇದರ ವೀರ್ಯ ತರಿಸಿದರೆ ನಮ್ಮ ಎತ್ತುಗಳೂ ಹೀಗೇ ಆಗುತ್ತವೆ’ ಎಂದು ಇನ್ನೊಬ್ಬ. ನಾನು 32 ವರ್ಷಗಳಿಂದ ಹಸು ಸಾಕುತ್ತಿರುವವಳು. ಪಶುವೈದ್ಯಕೀಯ ಓದುತ್ತಿರುವ ನನ್ನ ತಂಗಿಯ ಮಗಳನ್ನು ಕೂರಿಸಿಕೊಂಡು ಕೇಳಿ ತಿಳಿದು ಇದನ್ನು ಬರೆಯುತ್ತಿದ್ದೇನೆ.

ಅದು ಬೆಲ್ಜಿಯನ್ ಬ್ಲೂ ಎಂಬ ಮಾಂಸದ ತಳಿ. ಇಂಜೆಕ್ಷನ್ನಿನ ಕಥೆ ಸುಳ್ಳು. ಮಾಂಸಖಂಡ ಮಿತಿಮೀರಿ ಬೆಳೆಯದಂತೆ ಲಗಾಮು ಹಿಡಿಯುವ ಮಯೋಸ್ಟಾಟಿನ್ ಎಂಬ ಪ್ರೋಟೀನು ದನಗಳಲ್ಲೂ ಇದೆ, ನಮ್ಮಲ್ಲೂ ಇದೆ. ಈ ತಳಿಯಲ್ಲಿ ಅದನ್ನು ಮಾಡುವ ಜೀನಿನ ಬರಹದಿಂದ (ಡಿಎನ್‌ಎ) 11 ಅಕ್ಷರಗಳು ಬಿಟ್ಟುಹೋಗಿವೆ, ಆದ್ದರಿಂದ ಲಗಾಮು ಕಳಚಿದೆ. ವಿಜ್ಞಾನಿಗಳಿಗೆ ಇದು ಗೊತ್ತಾದದ್ದು 1997ರಲ್ಲಿ. ಅದಕ್ಕೂ ಬಹಳ ಮೊದಲೇ ಬೆಲ್ಜಿಯಂನ ರೈತರು ದಪ್ಪ ಕಂಡ ಹೋರಿಯನ್ನೇ ಆರಿಸಿ ಆರಿಸಿ ತಳಿ ಮಾಡಿದ್ದರು.

ನಮ್ಮ ಯಜಮಾನರು ಕೇಳಿದ್ದು ಒಂದೇ ಮಾತು: ‘ನೊಗಕ್ಕೆ ಬರುತ್ತದೆಯೇ?’ ಬೇಗ ದಣಿಯುತ್ತದೆ, ಬಿಸಿಲು ತಡೆಯುವುದಿಲ್ಲ ಎಂದಳು ಹುಡುಗಿ. ಅವರಿಗೆ ಅಲ್ಲಿಗೆ ಆಸಕ್ತಿ ಮುಗಿಯಿತು. ಸಿದ್ಧಗಂಗೆಯ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿ ನೋಡುವಾಗಲೂ ಅವರು ಮೈ ನೋಡುವುದಿಲ್ಲ, ನಡಿಗೆ, ಗೊರಸು, ಹಲ್ಲು ನೋಡುತ್ತಾರೆ.

ನಾನು ಕೇಳಿದ್ದು: ಕರು ಹೇಗೆ ಹಾಕುತ್ತದೆ? ಕರು ದಪ್ಪ, ತಾಯಿಯ ದಾರಿ ಕಿರಿದು. ಬೆಲ್ಜಿಯಂನಲ್ಲಿ ಈ ತಳಿಯ ಹತ್ತು ಸೂಲಿನಲ್ಲಿ ಒಂಬತ್ತಕ್ಕೂ ಹೆಚ್ಚು ಹೊಟ್ಟೆ ಕೊಯ್ದೇ ಆಗುತ್ತವಂತೆ. ಕೆಲವು ಕರುಗಳಿಗೆ ನಾಲಿಗೆಯೂ ದಪ್ಪವಾಗಿ ಮೊಲೆ ಚೀಪಲು ಬಾರದು. ಅಲ್ಲಿ ಮಾಂಸದ ಬೆಲೆಯಲ್ಲಿ ಆ ಖರ್ಚು ಹುಟ್ಟುತ್ತದೆ. ನಮ್ಮಲ್ಲಿ ಎಲ್ಲಿಂದ ಹುಟ್ಟಬೇಕು?

ಹೋದ ವರ್ಷ ದೀಪಾವಳಿ ಕಳೆದ ಮೇಲೆ ನಮ್ಮ ಗೌರಿಯ ಚೊಚ್ಚಲು ಸೂಲು. ಮಿಶ್ರತಳಿ ಕಡಸು, ಸಣ್ಣ ಆಳು. ಮುಂಗಾಲು ಕಾಣಿಸಿತು, ತಲೆ ಬರಲಿಲ್ಲ. ರಾತ್ರಿ ಎರಡು ಗಂಟೆಯವರೆಗೆ ನಾಲ್ವರು ಹಗ್ಗ ಹಾಕಿ ಎಳೆದೆವು. ಕರು ಸತ್ತೇ ಬಂತು. ಸೊಂಟದ ನರಕ್ಕೆ ಪೆಟ್ಟಾಗಿ ಗೌರಿ ಎಂಟು ದಿನ ಮೇಲೇಳಲಿಲ್ಲ. ರಾಗಿ ಹುಲ್ಲು ಹಾಸಿ ಹಗಲೂ ರಾತ್ರಿ ಮಗ್ಗುಲು ಹೊರಳಿಸಿದೆವು. ಕೃತಕ ಗರ್ಭಧಾರಣೆ ಮಾಡಿ ಬೀಜ ಕೊಟ್ಟವರನ್ನು ಯಾವ ಹೋರಿಯದು ಎಂದು ಕೇಳಿದರೆ, ‘ಒಳ್ಳೆಯ ಹೋರಿಯಮ್ಮಾ, ದಪ್ಪ ಕರು ಬರಲಿ ಎಂದೇ ಹಾಕಿದೆ’ ಎಂದರು! ಹೋರಿಯ ನಂಬರು ಅವರಿಗೂ ನೆನಪಿರಲಿಲ್ಲ. ವೀರ್ಯ ತುಂಬಿ ಬಂದಿದ್ದ ಕಡ್ಡಿ ಅಂದೇ ತಿಪ್ಪೆ ಸೇರಿತ್ತು.

ವೀರ್ಯದ ಆ ಪುಟ್ಟ ಪ್ಲಾಸ್ಟಿಕ್ ಕಡ್ಡಿಯ ಮೇಲೆ ಹೋರಿಯ ನಂಬರು, ತಳಿ ಎಲ್ಲ ಅಚ್ಚಾಗಿರುತ್ತವೆ. ಬೆಲ್ಜಿಯಂ ಹೋರಿ ನಮ್ಮ ತಿಪಟೂರಿಗೆ ಬರುತ್ತದೋ ಬಿಡುತ್ತದೋ, ದಪ್ಪದ ಆಸೆಯಂತೂ ಆಗಲೇ ಬಂದಿದೆ. ಕಡಸಿಗೆ ಸಲೀಸಾಗಿ ಹುಟ್ಟುವ ಕರುವಿನ ಹೋರಿಯನ್ನೇ ಆರಿಸಿ ಕೊಡಿ, ಕೊಟ್ಟ ಮೇಲೆ ಕಡ್ಡಿಯನ್ನು ರೈತರ ಕೈಯಲ್ಲಿಡಿ ಎಂದು ಪಶುಪಾಲನಾ ಇಲಾಖೆ ಬೀಜ ಕೊಡುವವರೆಲ್ಲರಿಗೂ ಸೂಚನೆ ಕೊಡಲಿ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಗೌರಿ ಈಗ ಮತ್ತೆ ಗಬ್ಬ, ಏಳು ತಿಂಗಳು. ಈ ಸಲದ ಕಡ್ಡಿಯನ್ನು ಕೇಳಿ ಪಡೆದು, ತೊಳೆದು, ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದ್ದೇನೆ.

— ಹಾಲು ಹಾಕುವ ರೈತ ಮಹಿಳೆ, ತಿಪಟೂರು ತಾಲ್ಲೂಕು, ತುಮಕೂರು ಜಿಲ್ಲೆ