ತಾಳಿಕೋಟೆಯಿಂದ ರಣಭೂಮಿಗೆ ದಾರಿ ಮಾಡಿಕೊಡಿ: ಪ್ರವಾಸೋದ್ಯಮ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ತಾಳಿಕೋಟೆಯಿಂದ ನಮಸ್ಕಾರ. ವಿಜಯನಗರಕ್ಕೂ ದಖನ್ನಿನ ಸುಲ್ತಾನರಿಗೂ 1565ರ ಜನವರಿ 23ರಂದು ನಡೆದ ಕದನದಿಂದಾಗಿ ನಮ್ಮೂರ ಹೆಸರು ಶಾಲೆಗೆ ಹೋದವರಿಗೆಲ್ಲ ಗೊತ್ತು. ಆದರೆ ರಣಭೂಮಿ ನೋಡಲು ಬಂದವರಿಗೆ ನಾವು ಹೇಳಬೇಕಾದ ಮಾತು ಒಂದೇ: ಇಲ್ಲಲ್ಲ, ಮುದ್ದೇಬಿಹಾಳ ದಾಟಿ ಕೃಷ್ಣಾ ದಂಡೆಗೆ ಹೋಗಿ. ಸುಲ್ತಾನರ ದಂಡು ಡೋಣಿ ನದಿ ದಂಡೆಯ ಈ ಊರಲ್ಲಿ ಕೂಡಿತು. ಕಾದಾಡಿದ್ದು ರಕ್ಕಸಗಿ, ತಂಗಡಗಿಗಳ ಕಡೆಯ ಹೊಳೆಬಯಲಲ್ಲಿ. ನಿಖರ ಜಾಗದ ಬಗ್ಗೆ ಇತಿಹಾಸಕಾರರಲ್ಲಿ ಇನ್ನೂ ಒಮ್ಮತವಿಲ್ಲ. ಸಾಲದ್ದಕ್ಕೆ ನಾರಾಯಣಪುರ ಜಲಾಶಯದ ಹಿನ್ನೀರು ಬಂದು ಹಳೆಯ ದಂಡೆಯ ಚಹರೆಯೇ ಬದಲಾಗಿದೆ.

ವಿಜಯಪುರದಲ್ಲಿ ಪ್ರವಾಸಿಗರು ಗೋಳಗುಮ್ಮಟ ನೋಡುತ್ತಾರೆ. ಆನೆಯನ್ನು ಕಚ್ಚಿ ಹಿಡಿದ ಸಿಂಹದ ಬಾಯಿಯ ಮಲಿಕ್-ಎ-ಮೈದಾನ್ ತೋಪಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ಈ ತೋಪು ನಮ್ಮ ಕದನದಲ್ಲೂ ಸಿಡಿಯಿತೆಂಬ ಪ್ರತೀತಿ ಇದೆ. ಮರುದಿನ ಹಂಪಿಗೆ ಹೋಗಿ ಪಾಳುಬಿದ್ದ ಅರಮನೆಯ ಅಡಿಪಾಯ ನೋಡುತ್ತಾರೆ. ಎರಡರ ನಡುವಿನ ಕಥೆ ನಮ್ಮ ಎರೆಹೊಲಗಳ ಕಡೆ ಇದೆ, ಯಾರೂ ಇಳಿಯುವುದಿಲ್ಲ. ತಂಗಡಗಿಗೆ ಭಕ್ತರೇನೋ ಬರುತ್ತಾರೆ, ನೀಲಮ್ಮನ ಗುಡಿಗೆ. ವಿಜಯನಗರದ ಆಡಳಿತ ನಡೆಸುತ್ತಿದ್ದ ಅಳಿಯ ರಾಮರಾಯ ತಲೆ ಕಳೆದುಕೊಂಡದ್ದು ಇದೇ ಸೀಮೆಯಲ್ಲೆಂದು ಅವರಲ್ಲಿ ಎಷ್ಟು ಮಂದಿಗೆ ತಿಳಿದೀತು?

ದಯವಿಟ್ಟು ಪ್ರತಿಮೆ, ಉತ್ಸವದ ಘೋಷಣೆ ಬೇಡ. ರೈತರ ಹೊಲಕ್ಕೂ ಕೈ ಹಾಕಬೇಡಿ. ಪುರಾತತ್ವ ಇಲಾಖೆಯಿಂದ ಮೊದಲು ಎರಡೂ ದಂಡೆಗಳ ಸಮೀಕ್ಷೆ ಆಗಲಿ. ಆಮೇಲೆ ತಾಳಿಕೋಟೆ ಬಸ್ ನಿಲ್ದಾಣದಿಂದ ಹೊಳೆಯವರೆಗೆ ದಾರಿಫಲಕ, ಒಂದು ನಕ್ಷೆ, ಕೂರಲು ನೆರಳು. ಇಷ್ಟಕ್ಕೆ ದೊಡ್ಡ ಅನುದಾನವೇನೂ ಬೇಡ.

ಫಲಕದಲ್ಲಿ ಏನು ಬರೆಸುತ್ತೀರಿ ಎಂಬುದೇ ನನಗೆ ಹೆಚ್ಚಿನ ಚಿಂತೆ. ಎರಡು ಧರ್ಮಗಳ ಜಗಳವೆಂದು ಒಂದೇ ಸಾಲಲ್ಲಿ ಮುಗಿಸಬೇಡಿ. ಕದನಕ್ಕೆ ಕೆಲವೇ ವರ್ಷ ಮುಂಚೆ ರಾಮರಾಯನೂ ವಿಜಯಪುರದ ಅಲಿ ಆದಿಲ್ ಶಾಹನೂ ಒಟ್ಟಾಗಿ ಅಹಮದ್‌ನಗರದ ಮೇಲೆ ದಂಡೆತ್ತಿ ಹೋಗಿದ್ದರು. ರಾಮರಾಯನ ಮಗ ತೀರಿಕೊಂಡಾಗ ಆದಿಲ್ ಶಾಹ ಸಂತಾಪ ಹೇಳಲು ವಿಜಯನಗರಕ್ಕೇ ಹೋಗಿದ್ದನೆಂದು ಇತಿಹಾಸಕಾರ ಫೆರಿಷ್ಟಾ ಬರೆದಿದ್ದಾನೆ. ಅಷ್ಟು ಹತ್ತಿರದವರು 1565ರಲ್ಲಿ ಎದುರುಬದುರಾದದ್ದು ಹೇಗೆಂದು ಓದುಗ ಯೋಚಿಸುವಂತಿರಲಿ.

ಈ ಬಗ್ಗೆ ಸಭೆ ಕರೆಯುವುದಾದರೆ ಬೆಂಗಳೂರಿನಲ್ಲಿ ಬೇಡ, ತಂಗಡಗಿಯಲ್ಲೇ ಕರೆಯಿರಿ. ಹಿನ್ನೀರು ಬರುವ ಮುಂಚೆ ಬೇಸಿಗೆಯಲ್ಲಿ ಹೊಳೆ ಎಲ್ಲೆಲ್ಲಿ ದಾಟುತ್ತಿದ್ದರೆಂದು ಅಧಿಕಾರಿಗಳು ಅಲ್ಲಿನ ಹಿರಿಯರನ್ನೇ ಕೇಳಿ ಬರೆದುಕೊಳ್ಳಲಿ.

ಇತಿ,
ತಾಳಿಕೋಟೆಯ ಒಬ್ಬ ನಾಗರಿಕ