ಒಗಟಿನ ಪುಸ್ತಕ ಬಂತು: ಎಲ್ಲರಿಗೂ ಥ್ಯಾಂಕ್ಸ್, ಅಕ್ಕನಿಗೆ ಸ್ವಲ್ಪ ಜಾಸ್ತಿ

ಭಾನುವಾರ ನಮ್ಮ ಅರಿವು ಕೇಂದ್ರದ, ಅಂದ್ರೆ ಗ್ರಾಮ ಪಂಚಾಯಿತಿ ಗ್ರಂಥಾಲಯದ, ಮಕ್ಕಳ ಒಗಟಿನ ಪುಸ್ತಕ ಬಿಡುಗಡೆ ಆಯ್ತು. ಅಜ್ಜಿಯರ ಹತ್ತಿರ ಕೇಳಿ ಬರೆದುಕೊಂಡದ್ದು, ಟೈಪ್ ಮಾಡಿದ್ದು, ಚಿತ್ರ ಬಿಡಿಸಿದ್ದು ಎಲ್ಲ ಅವರೇ. ವಂದನಾರ್ಪಣೆಗೆ ನನಗೆ ಸಿಕ್ಕಿದ್ದು ಎರಡೇ ನಿಮಿಷ. ಅಷ್ಟರಲ್ಲಿ ವೇದಿಕೆ ಮೇಲಿದ್ದವರ ಹೆಸರೇ ಮುಗಿಯಲಿಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಧ್ಯಕ್ಷರು, ಪಿಡಿಒ ಸರ್, ಶಾಲೆಯ ಮೇಷ್ಟ್ರುಗಳು, ಬೆಂಗಳೂರಿನಿಂದ ಹಳೇ ಲ್ಯಾಪ್‌ಟಾಪ್ ಕಳಿಸಿದ ಊರ ಹುಡುಗರು, ಹೊಸದಾಗಿ ಹಂಚು ಹೊದಿಸಿಕೊಟ್ಟವರು, ನಿಮಗೆಲ್ಲ ಕೈ ಮುಗಿದೆ. ಮನೆ ಕಂದಾಯ ಕಟ್ಟುವವರಿಗೂ. ಅದರ ಜೊತೆ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ಕಟ್ಟುತ್ತೀರಲ್ಲ, ರಸೀದಿ ತೆಗೆದು ನೋಡಿ. ಸುಮ್ನೆ ಪೇಪರ್ ಓದೋಕಾದ್ರೂ ಬನ್ನಿ.

ಮಳೆಗಾಲದಲ್ಲಿ ಒಂದು ರಾತ್ರಿ ನಮ್ಮ ಕಟ್ಟಡದ ಹಂಚು ಹೋಗಿ, ಒಳಗೆ ನೀರು ಬಂದು ಪುಸ್ತಕ ನೆಂದದ್ದು ನಿಮಗೆಲ್ಲ ಗೊತ್ತು. ಆ ರಾತ್ರಿ ನನ್ನ ಜೊತೆ ಯಾರಿದ್ದರು ಅನ್ನೋದು ಮಾತ್ರ ಹೆಚ್ಚು ಜನಕ್ಕೆ ಗೊತ್ತಿಲ್ಲ.

ಇದ್ದದ್ದು ಪಂಚಾಯಿತಿಯ ಕಸದ ಗಾಡಿ ‘ಸ್ವಚ್ಛ ವಾಹಿನಿ’ ಓಡಿಸುವ ಅಕ್ಕ. ಹೆಸರು ಹಾಕಬೇಡ ಅಂತ ತಾಕೀತು ಮಾಡಿದ್ದಾರೆ. ನಾನು ಫೋನ್ ಮಾಡಿದ ಕೆಲವರು ‘ಬೆಳಗ್ಗೆ ನೋಡೋಣ’ ಅಂದಿದ್ದರು. ಅಕ್ಕನಿಗೆ ಫೋನೇ ಮಾಡಿರಲಿಲ್ಲ. ಒಗಟೆಲ್ಲ ಕಂಪ್ಯೂಟರ್ ಒಳಗೆ ಇವೆ ಅಂತ ಮಗಳು ಅತ್ತು ಎಬ್ಬಿಸಿದಳಂತೆ. ಕಸದ ಗಾಡಿಯನ್ನು ತೊಳೆದು, ಗೊಬ್ಬರದ ಖಾಲಿ ಚೀಲ ಹಾಸಿಕೊಂಡು, ಆ ಮಳೆಯಲ್ಲಿ ಬಂದು ಬಾಗಿಲಿಗೆ ನಿಲ್ಲಿಸಿದರು. ಕಂಪ್ಯೂಟರ್‌ಗಳನ್ನು ಮನೆಯ ರಗ್ಗಿನಲ್ಲಿ ಸುತ್ತಿ ಮೊದಲು ಅವನ್ನೇ ಶಾಲೆಯ ಬಿಸಿಯೂಟದ ಕೋಣೆಗೆ ಸಾಗಿಸಿದರು. ಆಮೇಲೆ ಪುಸ್ತಕ. ‘ಕಸದ ಗಾಡೀಲಿ ಪುಸ್ತಕನಾ’ ಅಂತ ಮಾರನೇ ದಿನ ಮೂಗು ಮುರಿದವರೂ ಇದ್ದಾರೆ, ಇರಲಿ.

ಪುಸ್ತಕ ಒಣಗಿಸೋದು ಬಟ್ಟೆ ಒಣಗಿಸಿದ ಹಾಗಲ್ಲ. ಬೆಂಕಿ ಹತ್ತಿರ ಇಟ್ಟರೆ ಹಾಳೆ ಸೊಟ್ಟ ಆಗುತ್ತೆ. ನಡುನಡುವೆ ಹಳೇ ಪೇಪರ್ ಇಡಬೇಕು, ಅದು ನೆಂದ ಹಾಗೆಲ್ಲ ಬದಲಾಯಿಸಬೇಕು. ಬಣ್ಣದ ಚಿತ್ರಗಳ ನುಣುಪು ಹಾಳೆಯಂತೂ ಅಂಟಿಕೊಂಡು ಒಣಗಿತೋ, ಮತ್ತೆ ಬಿಡಿಸೋಕೆ ಆಗಲ್ಲ. ಅಂಥವನ್ನೆಲ್ಲ ಅಕ್ಕ ತಮ್ಮ ಮುಂದೆ ಎಳೆದುಕೊಂಡು, ಉಗುರು ತಾಗದ ಹಾಗೆ ಬೆರಳಲ್ಲೇ ಒಂದೊಂದು ಹಾಳೆ ಬಿಡಿಸುತ್ತಾ ಕೂತರು.

ನಡುರಾತ್ರಿ ದಾಟಿದ ಮೇಲೆ ನನ್ನ ಕೈಲಿ ಆಗಲಿಲ್ಲ. 2020ರಲ್ಲಿ ಕೊರೋನಾದಿಂದ ಶಾಲೆ ಮುಚ್ಚಿದ್ದಾಗ ಮಕ್ಕಳನ್ನು ಗ್ರಂಥಾಲಯಕ್ಕೆ ಸೇರಿಸುವ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಯ್ತಲ್ಲ, ಆಗ ಮನೆಮನೆಗೆ ಹೋಗಿ ಮಕ್ಕಳನ್ನು ಸದಸ್ಯರಾಗಿ ಮಾಡಿಕೊಂಡಿದ್ದೆ. ಅವರಿಗಾಗಿ ಕೇಳಿ, ಬೇಡಿ ಕೂಡಿಸಿದ ಪುಸ್ತಕಗಳೇ ಜಾಸ್ತಿ ನೆಂದಿದ್ದವು. ನನಗ್ಯಾಕೆ ಬೇಕಿತ್ತು ಇದೆಲ್ಲ ಅನ್ನಿಸಿತು. ನಾಳೆಯೇ ಕೆಲಸ ಬಿಡ್ತೀನಿ ಅಂತ ಜೋರಾಗಿ ಅತ್ತುಬಿಟ್ಟೆ. ಅಕ್ಕ ತಲೆ ಎತ್ತಲಿಲ್ಲ. “ಅಳೋದಾದ್ರೆ ಬೆಳಗ್ಗೆ ಅಳು ಕಣವ್ವ. ಈಗ ಆ ಪೇಪರ್ ಹರಿದು ಕೊಡು” ಅಂದರು. ಹರಿದು ಕೊಟ್ಟೆ. ಬೆಳಗ್ಗೆ ಅಳೋಕೆ ಪುರುಸೊತ್ತು ಸಿಗಲಿಲ್ಲ. ಅವರು ಅಲ್ಲಿಂದಲೇ ಕಸ ಎತ್ತೋಕೆ ಹೊರಟರು.

ಅವತ್ತು ಉಳಿದ ಕಂಪ್ಯೂಟರಲ್ಲೇ ಮಕ್ಕಳು ಪುಸ್ತಕ ಮುಗಿಸಿದ್ದು. ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದಲ್ಲಿ ಒತ್ತಕ್ಷರ ಬರೋಕೆ ನಡುವೆ ಎಫ್ ಕೀ ಒತ್ತಬೇಕು. ‘ಸುತ್ತಮುತ್ತ ಸುಣ್ಣದ ಗೋಡೆ, ಎತ್ತ ನೋಡಿದರೂ ಬಾಗಿಲಿಲ್ಲ’ ಅನ್ನೋ ಒಗಟು ಒಬ್ಬ ಹುಡುಗನ ಪಾಲಿಗೆ ಬಂದಿತ್ತು. ಅದರಲ್ಲಿ ಎಷ್ಟೊಂದು ಒತ್ತು ನೋಡಿ! ‘ಮೇಡಂ, ಮೊಟ್ಟೆ ಅಂತ ಉತ್ತರ ಮಾತ್ರ ಬರೆದರೆ ಸಾಲಲ್ವಾ?’ ಅಂದ. ಮೊಟ್ಟೆಗೂ ಒತ್ತಿದೆ ಕಣೋ ಅಂದೆ. ಈಗ ಚಿಕ್ಕವರಿಗೆ ಅವನೇ ಹೇಳಿಕೊಡುತ್ತಾನೆ.

ಬಿಡುಗಡೆಯ ದಿನ ಅಕ್ಕನನ್ನು ವೇದಿಕೆಗೆ ಕರೆದೆ. ಶಾಲು ಗೀಲು ಬೇಡ ಅಂತ ಬಾಗಿಲ ಹತ್ತಿರವೇ ನಿಂತರು. ಆಮೇಲೆ ಒಂದು ಪ್ರತಿ ಇಸಿದುಕೊಂಡು, ಇದರಲ್ಲಿ ಒಳ್ಳೊಳ್ಳೆಯವೇ ಬಿಟ್ಟುಹೋಗಿವೆ ಅಂತ ತಕರಾರು ತೆಗೆದರು. ಹಾಗಾಗಿ ಎರಡನೇ ಭಾಗ ಶುರುವಾಗಿದೆ. ನಿಮ್ಮ ಮನೆಯಲ್ಲಿ ಒಗಟು ಗೊತ್ತಿರೋ ಅಜ್ಜಿ ಇದ್ದರೆ ಹೇಳಿ, ಮಕ್ಕಳು ಅಲ್ಲಿಗೇ ಬರುತ್ತಾರೆ. ಅಕ್ಕ ಆಗಲೇ ನಾಲ್ಕು ಕೊಟ್ಟಿದ್ದಾರೆ. ಮೂರು ಹಾಕುತ್ತಿದ್ದೇವೆ. ಇನ್ನೊಂದು ಮಕ್ಕಳ ಪುಸ್ತಕದಲ್ಲಿ ಹಾಕುವಂಥದ್ದಲ್ಲ.